ಗಂಡಸಿನ ಕಾಲು ಕಲ್ಲಲ್ಲ: ಚಪ್ಪಲಿ ಮತ್ತು ಪಾದದ ಆರೈಕೆಯ ಬಗ್ಗೆ ತಪ್ಪು ತಿಳಿವಳಿಕೆಗಳು

ಗಂಡಸರ ಪಾದದ ವಿಷಯದಲ್ಲಿ ನಮ್ಮಲ್ಲಿ ಎರಡು ನಂಬಿಕೆಗಳು ಬಲವಾಗಿ ಬೇರುಬಿಟ್ಟಿವೆ. ಬೆರಳು ಕಾಣುವ ಚಪ್ಪಲಿ ಮನೆಗೆ, ಸಂತೆಗೆ, ಹೊಲಕ್ಕೆ ಸಾಕು. ನಾಲ್ಕು ಜನರ ನಡುವೆ ಹೋಗುವಾಗ ಬೂಟು ಹಾಕಬೇಕು, ಕಾಲಿನ ಆರೋಗ್ಯಕ್ಕೂ ಅದೇ ಒಳ್ಳೆಯದು ಎಂಬುದು ಮೊದಲನೆಯದು. ಗಂಡಸಿನ ಕಾಲು ಗಟ್ಟಿ, ಅದಕ್ಕೆ ಎಣ್ಣೆ ಹಚ್ಚುವುದು, ಹಿಮ್ಮಡಿ ಉಜ್ಜುವುದು, ಉಗುರು ನೋಡಿಕೊಳ್ಳುವುದು ಹೆಂಗಸರ ಶೃಂಗಾರ ಎಂಬುದು ಎರಡನೆಯದು. ಎರಡೂ ತಪ್ಪು. ನಮ್ಮ ಬಿಸಿಲು, ಮಳೆ, ಬೆವರಿಗೆ ತೆರೆದ ಚಪ್ಪಲಿ ಬಹಳ ಮಟ್ಟಿಗೆ ಒಪ್ಪುತ್ತದೆ. ಆದರೆ ತೆರೆದ ಪಾದ ದೂಳು ತಿನ್ನುತ್ತದೆ, ಒಣಗುತ್ತದೆ, ಒಡೆಯುತ್ತದೆ. ಆದ್ದರಿಂದ ಚಪ್ಪಲಿ ಮೆಟ್ಟುವವನಿಗೆ ಪಾದದ ಆರೈಕೆ ಬೂಟು ಹಾಕುವವನಿಗಿಂತ ಹೆಚ್ಚೇ ಬೇಕು.

ಬೂಟೇ ಕಾಲಿಗೆ ಒಳ್ಳೆಯದು ಎಂಬ ಮಾತನ್ನು ಮೊದಲು ನೋಡೋಣ. ಇದನ್ನು ಪ್ರಶ್ನಿಸುವ ಪುರಾವೆ ನಮ್ಮ ಕರಾವಳಿಯಿಂದಲೇ ಬಂದಿದೆ. ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜಿನ ಮೂಳೆ ತಜ್ಞರಾದ ಉದಯಭಾಸ್ಕರ ರಾವ್ ಮತ್ತು ಬೆಂಜಮಿನ್ ಜೋಸೆಫ್ 4ರಿಂದ 13 ವರ್ಷದೊಳಗಿನ 2,300 ಮಕ್ಕಳ ಹೆಜ್ಜೆಗುರುತುಗಳನ್ನು ತೆಗೆದು ಪರೀಕ್ಷಿಸಿ, 1992ರಲ್ಲಿ ಫಲಿತಾಂಶ ಪ್ರಕಟಿಸಿದರು. ಪಾದರಕ್ಷೆ ಹಾಕುವ ಮಕ್ಕಳಲ್ಲಿ ಶೇ 8.6ರಷ್ಟು ಮಂದಿಗೆ ಚಪ್ಪಟೆ ಪಾದವಿತ್ತು, ಬರಿಗಾಲ ಮಕ್ಕಳಲ್ಲಿ ಶೇ 2.8ರಷ್ಟು ಮಾತ್ರ. ಪಾದರಕ್ಷೆ ಹಾಕುವವರಲ್ಲೂ ಬೆರಳು ಮುಚ್ಚುವ ಬೂಟಿನ ಮಕ್ಕಳಲ್ಲಿ ಇದು ಹೆಚ್ಚು, ಚಪ್ಪಲಿ ಮತ್ತು ಸ್ಯಾಂಡಲ್ ಹಾಕುವವರಲ್ಲಿ ಕಡಿಮೆ. ಮಕ್ಕಳ ಮಾತು ದೊಡ್ಡವರಿಗೆ ಹೇಗೆ ಅನ್ವಯಿಸೀತು ಎಂದು ಕೇಳಬಹುದು. 1995ರಲ್ಲಿ ಅಲ್ಲಿಂದಲೇ ಬಂದ ಇನ್ನೊಂದು ಅಧ್ಯಯನ ಮೂಳೆಯ ಬೆಳವಣಿಗೆ ಮುಗಿದ 1,846 ಜನರನ್ನು ನೋಡಿತು. ಆರು ವರ್ಷಕ್ಕೆ ಮೊದಲೇ ಬೂಟು ಹಾಕಲು ಶುರುಮಾಡಿದವರಲ್ಲಿ ಚಪ್ಪಟೆ ಪಾದ ಹೆಚ್ಚು ಕಂಡಿತು. ಚಪ್ಪಟೆ ಪಾದವೆಲ್ಲ ರೋಗವಲ್ಲ, ಬೂಟೆಲ್ಲ ವಿಷವೂ ಅಲ್ಲ. ಆದರೆ ಪಾದದ ಕಮಾನು ಗಟ್ಟಿಯಾಗಲು ಬೂಟಿನ ಆಸರೆ ಬೇಕೇಬೇಕು ಎಂಬ ಮಾತು ಈ ಪುರಾವೆಯ ಮುಂದೆ ನಿಲ್ಲುವುದಿಲ್ಲ.

ಮರ್ಯಾದೆಯ ಮಾತಿಗೆ ಇತಿಹಾಸವೇ ಉತ್ತರ ಹೇಳುತ್ತದೆ. ರೋಮನ್ ಸೈನಿಕರು ತೊಟ್ಟು ನಡೆದದ್ದು ಬೆರಳು ಕಾಣುವ, ಅಡಿಗೆ ಕಬ್ಬಿಣದ ಮೊಳೆ ಬಡಿದ ಚರ್ಮದ ಪಟ್ಟಿಗಳ ಮೆಟ್ಟು. ನೀರು ಹೊಕ್ಕರೂ ಹರಿದುಹೋಗುತ್ತಿತ್ತು, ಗಾಳಿ ಆಡುತ್ತಿತ್ತು. ನಮ್ಮ ಅಥಣಿ, ನಿಪ್ಪಾಣಿ ಕಡೆ ಕುಶಲಕರ್ಮಿಗಳು ಜಾಲಿ ತೊಗಟೆ, ಅಳಲೆಕಾಯಿಗಳಲ್ಲಿ ಹದಗೊಳಿಸಿದ ಚರ್ಮವನ್ನು ಮೊಳೆಯಿಲ್ಲದೆ ಕೈಯಿಂದಲೇ ಹೊಲಿದು ಮಾಡುವ ಚಪ್ಪಲಿ ತಲೆಮಾರುಗಳಿಂದ ಗಂಡಸರ ಕಾಲಲ್ಲಿದೆ. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಸಿಕ್ಕ ಭೌಗೋಳಿಕ ಗುರುತು ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಕ್ಕೂ ಸೇರಿದ್ದು. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್‌ನ ಗಂಡಸರ ಉಡುಪಿನ ಪ್ರದರ್ಶನದಲ್ಲಿ ಇಂಥದ್ದೇ ಚಪ್ಪಲಿ ತೋರಿಸಿ, ಆಕ್ಷೇಪ ಎದ್ದ ಮೇಲೆ ಅದರ ಸ್ಫೂರ್ತಿ ಭಾರತದ ಕರಕುಶಲದ್ದು ಎಂದು ಒಪ್ಪಿಕೊಂಡಿತು. ಪರದೇಶದ ವೇದಿಕೆ ಏರಿದ್ದರಿಂದ ಅದಕ್ಕೆ ಬೆಲೆ ಬಂತು ಎಂದು ನಾನು ಹೇಳುತ್ತಿಲ್ಲ. ಅಥಣಿಯ ಕೈಗಳಿಗೆ ಆ ಬೆಲೆ ಮೊದಲೇ ಇತ್ತು. ಅದನ್ನು ಕಾಣದೆ ಹೋದವರು ನಾವು.

ಚಪ್ಪಲಿ ಹಾಕಿ ಬೈಕ್ ಓಡಿಸಿದರೆ ದಂಡ ಎಂಬ ಸುದ್ದಿ 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಬಂದಾಗ ಊರೂರು ಸುತ್ತಿತು. ಅಂಥ ದಂಡ ಕಾಯ್ದೆಯಲ್ಲಿಲ್ಲ ಎಂದು ಸಾರಿಗೆ ಸಚಿವ ನಿತಿನ್ ಗಡ್ಕರಿಯವರ ಕಚೇರಿಯೇ ಆಗ ಸ್ಪಷ್ಟಪಡಿಸಿತ್ತು. ದಂಡವಿಲ್ಲ ಎಂದ ಮಾತ್ರಕ್ಕೆ ಅಪಾಯವಿಲ್ಲ ಎಂದಾಗದು. ಬೈಕು ಬಿದ್ದರೆ ತೆರೆದ ಬೆರಳಿಗೆ ರಕ್ಷಣೆಯಿಲ್ಲ. ಕಟ್ಟಡದ ಕೆಲಸ, ಲೇತು, ಕಾದ ಎಣ್ಣೆ, ಬ್ಯಾಟರಿ ಆಮ್ಲ ಇರುವಲ್ಲಿ ಮುಚ್ಚಿದ ಬೂಟೇ ಬೇಕು. ಕೆಲಸ ನೋಡಿ ಪಾದರಕ್ಷೆ ಆರಿಸಬೇಕು, ಮರ್ಯಾದೆಯ ಲೆಕ್ಕದಲ್ಲಲ್ಲ.

ಮುಚ್ಚಿದ ಬೂಟಿನೊಳಗೆ ನಿಜಕ್ಕೂ ಏನಾಗುತ್ತದೆ? ಬೆವರಿನ ಗ್ರಂಥಿಗಳು ದೇಹದಲ್ಲೇ ಅತಿ ದಟ್ಟವಾಗಿರುವುದು ಅಂಗೈ, ಅಂಗಾಲುಗಳಲ್ಲಿ. ಆ ಬೆವರು ಆರದೆ ಕೂತರೆ ಬೆರಳ ಸಂದಿ ಬೆಳ್ಳಗೆ ಮೆತ್ತಗಾಗಿ ಶಿಲೀಂಧ್ರಕ್ಕೆ ನೆಲೆಯಾಗುತ್ತದೆ. ಹುಳುಕಡ್ಡಿ ಎಂದು ಕರೆಯುತ್ತೇವಾದರೂ ಅಲ್ಲಿ ಹುಳುವಿಲ್ಲ. ಚರ್ಮದ ಮೇಲ್ಪದರ ತಿಂದು ಬೆಳೆಯುವ ಶಿಲೀಂಧ್ರವದು. ಗಂಡಸರನ್ನು ಕಾಡುವ ತೊಡೆಸಂದಿಯ ತುರಿಕೆಗೆ ಎಷ್ಟೋ ಸಲ ಇದೇ ಮೂಲ: ಕಾಲು ಉಜ್ಜಿದ ಟವೆಲ್ಲಿನಿಂದ, ಕಾಲು ತೂರಿಸುವ ಒಳಉಡುಪಿನಿಂದ ಅದು ಮೇಲೇರುತ್ತದೆ. ಮೇಲೆ ಮಾತ್ರ ಮುಲಾಮು ಹಚ್ಚಿ ಕಾಲನ್ನು ಬಿಟ್ಟರೆ ಮರಳಿ ಮರಳಿ ಬರುತ್ತದೆ. ಕಾಲಿನ ನಾತಕ್ಕೆ ಬೆವರೇ ಕಾರಣ ಎಂಬುದೂ ಅರ್ಧ ಸತ್ಯ. ಹೊಸ ಬೆವರಿಗೆ ಅಷ್ಟು ವಾಸನೆಯಿಲ್ಲ, ಅದನ್ನೂ ಸತ್ತ ಚರ್ಮವನ್ನೂ ತಿನ್ನುವ ಬ್ಯಾಕ್ಟೀರಿಯಾಗಳಿಂದ ಬರುವ ನಾತವದು. ಹಾಗಾದರೆ ಚಪ್ಪಲಿಯವರಿಗೂ ಮಳೆಗಾಲದಲ್ಲಿ ಬೆರಳ ಸಂದಿ ಹುಣ್ಣಾಗುವುದೇಕೆ? ಗದ್ದೆಯ ಕೆಸರಿನಲ್ಲಿ, ಹೋಟೆಲಿನ ಪಾತ್ರೆ ತೊಳೆಯುವ ಜಾಗದಲ್ಲಿ ಗಂಟೆಗಟ್ಟಲೆ ನೆನೆಯುವ ಕಾಲು ಚಪ್ಪಲಿಯಲ್ಲಿದ್ದರೂ ಒದ್ದೆಯೇ. ಕಾಲು ತೊಳೆದು ಬಾಗಿಲ ಗೋಣಿಚೀಲಕ್ಕೆ ಒರೆಸಿದರೆ ಅಂಗಾಲು ಮಾತ್ರ ಒಣಗುತ್ತದೆ. ಬಟ್ಟೆಯ ತುದಿಯನ್ನು ಒಂದೊಂದೇ ಸಂದಿಗೆ ತೂರಿಸಿ ಒರೆಸಬೇಕು, ಅದರಲ್ಲೂ ಕಿರುಬೆರಳು ಮತ್ತು ಅದರ ಪಕ್ಕದ ಬೆರಳಿನ ನಡುವೆ. ಬಹುತೇಕ ಹುಣ್ಣು ಶುರುವಾಗುವುದು ಅಲ್ಲೇ.

ಇನ್ನು ಹಿಮ್ಮಡಿಯ ಒಡಕು. ಮೈಯಲ್ಲಿ ಉಷ್ಣ ಹೆಚ್ಚಾಗಿ ಹಿಮ್ಮಡಿ ಒಡೆಯುತ್ತದೆ ಎಂದು ಹೇಳದ ಮನೆ ನಮ್ಮಲ್ಲಿ ವಿರಳ. ನಿಜವಾದ ಕಾರಣ ಚರ್ಮದ ರಚನೆಯಲ್ಲಿದೆ. ಮುಖದ ಮೇಲೆ, ತಲೆಯಲ್ಲಿ ಜಿಡ್ಡು ಸುರಿಸುವ ಗ್ರಂಥಿಗಳಿವೆ. ಅಂಗಾಲಿನಲ್ಲಿ ಅಂಥ ಒಂದು ಗ್ರಂಥಿಯೂ ಇಲ್ಲ. ಬೆವರುತ್ತದೆ, ಆದರೆ ತನಗೆ ತಾನೇ ಎಣ್ಣೆ ಹಚ್ಚಿಕೊಳ್ಳಲಾರದು. ಹಿಮ್ಮಡಿಯ ಚರ್ಮ ಮೊದಲೇ ದಪ್ಪ. ನಿಂತಾಗ ಮೈಭಾರವೆಲ್ಲ ಅದರ ಅಡಿಯ ಕೊಬ್ಬಿನ ಮೆತ್ತೆಯನ್ನು ಅಗಲಿಸುತ್ತದೆ. ಹಿಂಬದಿ ತೆರೆದ ಚಪ್ಪಲಿಯಲ್ಲಿ ಅದನ್ನು ಹಿಡಿದಿಡುವ ಗೋಡೆಯಿಲ್ಲ. ಒಣಗಿ ಬಿರುಸಾದ ಅಂಚು ಆ ಎಳೆತಕ್ಕೆ ಸೀಳುತ್ತದೆ. ಚಪ್ಪಲಿ ಪ್ರಿಯರು ಈ ದೋಷವನ್ನು ಒಪ್ಪಿಕೊಳ್ಳಬೇಕು. ಪರಿಹಾರ ಕಷ್ಟದ್ದಲ್ಲ. ರಾತ್ರಿ ಹತ್ತು ಹದಿನೈದು ನಿಮಿಷ ಉಗುರುಬೆಚ್ಚಗಿನ ನೀರಿನಲ್ಲಿ ಕಾಲು ನೆನೆಸಿ, ಒರಟು ಕಲ್ಲಿನಿಂದ ಮೆಲ್ಲಗೆ ಉಜ್ಜಿ, ತೇವ ಪೂರ್ತಿ ಆರುವ ಮೊದಲೇ ಎಣ್ಣೆಯನ್ನೋ ಯೂರಿಯಾ ಇರುವ ಮುಲಾಮನ್ನೋ ಹಚ್ಚಬೇಕು. ಒಣಗಿದ ಹಿಮ್ಮಡಿಗೆ ಬರೀ ಎಣ್ಣೆ ಸವರಿದರೆ ಪ್ರಯೋಜನ ಕಡಿಮೆ, ಏಕೆಂದರೆ ಚರ್ಮವನ್ನು ಮೃದುವಾಗಿಸುವುದು ನೀರು, ಆ ನೀರು ಆವಿಯಾಗದಂತೆ ತಡೆಯುವುದು ಎಣ್ಣೆ. ಕೊಬ್ಬರಿ ಎಣ್ಣೆ, ಹರಳೆಣ್ಣೆ ಹಚ್ಚಿ ಮಲಗುತ್ತಿದ್ದ ಅಜ್ಜಿಯರ ಕ್ರಮದಲ್ಲಿ ಅರ್ಥವಿತ್ತು. ಅದಕ್ಕೆ ಕೊಟ್ಟ ಉಷ್ಣದ ಕಾರಣವಷ್ಟೇ ಸರಿಯಿಲ್ಲ. ಬ್ಲೇಡಿನಿಂದ ಕೆರೆಯುವುದು ಮಾತ್ರ ಬೇಡವೇ ಬೇಡ. ಎಷ್ಟು ಹಚ್ಚಿದರೂ ಒಡಕು ಮಾಯದಿದ್ದರೆ ಥೈರಾಯ್ಡ್, ಸಕ್ಕರೆ ಕಾಯಿಲೆ ಅಥವಾ ಸೋರಿಯಾಸಿಸ್ ಇದೆಯೇ ಎಂದು ಪರೀಕ್ಷೆ ಮಾಡಿಸಬೇಕು.

ಕಾಲಿನ ಆಣಿಗೆ ಬೇರಿದೆ, ಬೇರು ಕಿತ್ತರೆ ಹೋಗುತ್ತದೆ ಎಂಬ ನಂಬಿಕೆಯಿಂದ ರಸ್ತೆ ಬದಿಯಲ್ಲಿ ಆಣಿ ಕೀಳಿಸಿಕೊಳ್ಳುವವರು ಇಂದಿಗೂ ಇದ್ದಾರೆ. ಆಣಿಗೆ ಬೇರಿಲ್ಲ. ಒಂದೇ ಜಾಗದ ಮೇಲೆ ಒತ್ತಡ ಬಿದ್ದೂ ಬಿದ್ದೂ ಗಟ್ಟಿಯಾದ ಚರ್ಮವದು. ಒತ್ತುವ ಚಪ್ಪಲಿಯನ್ನು ಬದಲಿಸದಿದ್ದರೆ ಎಷ್ಟು ಸಲ ಕಿತ್ತರೂ ಮತ್ತೆ ಬರುತ್ತದೆ. ಉಗುರನ್ನು ಮೂಲೆಯಲ್ಲಿ ಗುಂಡಗೆ ಕೊರೆದು ಕತ್ತರಿಸಿದರೆ ಅದು ಮಾಂಸದೊಳಗೆ ಬೆಳೆಯುತ್ತದೆ, ನೇರವಾಗಿ ಕತ್ತರಿಸಬೇಕು. ಕಾಲ್ಬೆರಳ ಉಗುರು ತಿಂಗಳಿಗೆ ಸುಮಾರು ಒಂದೂವರೆ ಮಿಲಿಮೀಟರಿನಷ್ಟೇ ಬೆಳೆಯುವುದರಿಂದ, ಶಿಲೀಂಧ್ರ ಹಿಡಿದು ಹಳದಿಗಟ್ಟಿದ ಉಗುರು ಪೂರ್ತಿ ಹೊಸದಾಗಲು ವರ್ಷವೋ ಒಂದೂವರೆ ವರ್ಷವೋ ಬೇಕು. ಎರಡು ವಾರ ಔಷಧ ಹಚ್ಚಿ ಗುಣವಾಗಲಿಲ್ಲ ಎಂದು ಕೈಬಿಡುವವರು ಇದನ್ನು ನೆನಪಿಡಬೇಕು.

ಇಷ್ಟೆಲ್ಲ ಉಪಚಾರ ಪೇಟೆಯವರ ನಾಜೂಕು, ಬರಿಗಾಲಲ್ಲಿ ಜೀವನವಿಡೀ ದುಡಿದ ನಮ್ಮ ಹಿರಿಯರಿಗೆ ಏನಾಯಿತು ಎಂಬುದು ಇದಕ್ಕೆ ಬರುವ ಬಲವಾದ ಆಕ್ಷೇಪ. ಅವರಿಗೂ ಆಯಿತು. ಕೊಕ್ಕೆಹುಳು ಬರಿಗಾಲಿನ ಚರ್ಮದ ಮೂಲಕವೇ ದೇಹ ಸೇರಿ ರಕ್ತಹೀನತೆ ತರುತ್ತದೆ. ಮುಳ್ಳು ಚುಚ್ಚಿದ ಜಾಗದಿಂದ ಮಣ್ಣಿನ ಸೂಕ್ಷ್ಮಜೀವಿ ಒಳಹೊಕ್ಕು ಪಾದ ಊದಿ, ಕೀವು ಸೋರುವ ರೋಗವೊಂದಕ್ಕೆ ವೈದ್ಯಶಾಸ್ತ್ರದಲ್ಲಿ ಇಂದಿಗೂ ಮಧುರೆಯ ಹೆಸರಿದೆ, 1842ರಲ್ಲಿ ಅಲ್ಲಿ ಅದನ್ನು ಗುರುತಿಸಿ ದಾಖಲಿಸಿದ್ದರಿಂದ. ಮಲೆನಾಡು, ಕರಾವಳಿಯ ಗದ್ದೆಗಳಲ್ಲಿ ಇಲಿಜ್ವರದ ರೋಗಾಣು ಹೊಗುವುದೂ ಕಾಲಿನ ಒಡಕು, ಗೀರುಗಳ ಮೂಲಕ. ಅಲ್ಲಿ ಚಪ್ಪಲಿ ಸಾಲದು, ಗಂಬೂಟು ಬೇಕು. ಧನುರ್ವಾಯುವಿಗೆ ತುಕ್ಕು ಕಾರಣ ಎಂಬುದೂ ತಪ್ಪು. ಅದರ ರೋಗಾಣು ಇರುವುದು ಮಣ್ಣು, ಸಗಣಿಯಲ್ಲಿ. ಹೊಳೆಯುವ ಹೊಸ ಮೊಳೆಯಿಂದಲೂ, ಜಾಲಿ ಮುಳ್ಳಿನಿಂದಲೂ ಬರಬಹುದು. ದುಡಿಯುವ ಕಾಲಿಗೆ ಆರೈಕೆ ಬೇಡ ಎನ್ನುವುದು ದುಡಿಯುವವನಿಗೆ ಮಾಡುವ ಅನ್ಯಾಯ. ಅವನ ಅನ್ನ ಆ ಕಾಲಿನ ಮೇಲೇ ನಿಂತಿದೆ.

ಈ ವಿಷಯ ಪ್ರಾಣದ ಪ್ರಶ್ನೆಯಾಗುವುದು ಸಕ್ಕರೆ ಕಾಯಿಲೆಯವರಲ್ಲಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ 2023ರಲ್ಲಿ ಪ್ರಕಟಿಸಿದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಈ ಕಾಯಿಲೆಯಿದೆ. ಇದು ಹಳತಾದಂತೆ ಹಲವರಲ್ಲಿ ಕಾಲಿನ ನರಗಳು ಹಾಳಾಗುತ್ತವೆ, ನೋವು ಗೊತ್ತಾಗುವುದಿಲ್ಲ. ನಡೆಯುವಾಗ ಚಪ್ಪಲಿ ಕಾಲಿನಿಂದ ಜಾರಿದ್ದೇ ತಿಳಿಯದೆ ನಾಲ್ಕು ಹೆಜ್ಜೆ ಮುಂದೆ ಹೋಗುವುದು ಇದರ ಒಂದು ಸ್ಪಷ್ಟ ಲಕ್ಷಣ. ಮನೆಯವರು ಇದನ್ನು ಮರೆವು ಎಂದುಕೊಳ್ಳುತ್ತಾರೆ. ಚಪ್ಪಲಿಯೊಳಗಿನ ಹರಳು ದಿನವಿಡೀ ಒತ್ತಿದರೂ, ಉಂಗುಷ್ಟ ಬೆರಳ ಸಂದಿ ಕೊರೆದರೂ, ಮಧ್ಯಾಹ್ನದ ದೇವಸ್ಥಾನದ ಕಾದ ಹಾಸುಗಲ್ಲು ಅಂಗಾಲು ಸುಟ್ಟರೂ ಇಂಥವರಿಗೆ ಅರಿವಾಗದು. ನೋವಿಲ್ಲದಿದ್ದರೆ ಗಾಯ ಸಣ್ಣದು ಎಂಬ ನಂಬಿಕೆ ಇಲ್ಲಿ ಕಾಲನ್ನೇ ಕಳೆಯುತ್ತದೆ. ವೆಲ್ಲೂರಿನಲ್ಲಿ ಕುಷ್ಠರೋಗಿಗಳ ಚಿಕಿತ್ಸೆ ಮಾಡುತ್ತಿದ್ದ ಡಾ. ಪಾಲ್ ಬ್ರಾಂಡ್ ತೋರಿಸಿಕೊಟ್ಟದ್ದೂ ಇದನ್ನೇ: ಬೆರಳುಗಳನ್ನು ತಿಂದುಹಾಕುವುದು ರೋಗವಲ್ಲ, ನೋವೇ ತಿಳಿಯದ ಕಾಲಿಗೆ ಆಗುವ ಗಾಯಗಳು. ಮೆತ್ತನೆಯ ರಬ್ಬರಿನ ಎಂ.ಸಿ.ಆರ್. (ಮೈಕ್ರೊಸೆಲ್ಯುಲಾರ್ ರಬ್ಬರ್) ಚಪ್ಪಲಿ ಮೊದಲು ಕುಷ್ಠರೋಗಿಗಳ ಕಾಲನ್ನು ಉಳಿಸಿ, ಆಮೇಲೆ ಸಕ್ಕರೆ ಕಾಯಿಲೆಯವರಿಗೂ ಬಂತು. ಸ್ಪರ್ಶ ಕುಂದಿದವರು ಬೆರಳ ಸಂದಿಗೆ ಪಟ್ಟಿ ಬರುವ ಹವಾಯಿ ಚಪ್ಪಲಿಯನ್ನು ಬಿಡಬೇಕು. ದಪ್ಪ ಮೆತ್ತೆಯ ಅಡಿ, ಮೇಲೆ ಅಗಲ ಪಟ್ಟಿ, ಹಿಂದೆ ಹಿಮ್ಮಡಿ ಪಟ್ಟಿ ಇರುವುದನ್ನು ವೈದ್ಯರನ್ನು ಕೇಳಿ ಹಾಕಬೇಕು. ಆಣಿಗೆ ಅಂಟಿಸುವ ಆಮ್ಲದ ಪಟ್ಟಿ ಇವರಿಗೆ ಸಲ್ಲದು. ಶ್ರವಣಬೆಳಗೊಳದಂಥ ಕಡೆ ಬರಿಗಾಲಲ್ಲಿ 600ಕ್ಕೂ ಹೆಚ್ಚು ಕಲ್ಲಿನ ಮೆಟ್ಟಿಲು ಹತ್ತುವುದಾದರೆ ಬೆಳಗಿನ ತಂಪಿನಲ್ಲೇ ಹತ್ತಬೇಕು, ದಪ್ಪ ಕಾಲುಚೀಲ ಹಾಕಿಕೊಳ್ಳಬೇಕು.

ಆರೋಗ್ಯವಂತರಿಗೂ ಚಪ್ಪಲಿ ಆರಿಸುವಾಗ ಇದೇ ವಿವೇಕ ಬೇಕು. ದಿನವಿಡೀ ನಡೆಯುವವರಿಗೆ ತೆಳ್ಳನೆಯ ಹವಾಯಿ ಚಪ್ಪಲಿ ಸರಿಹೋಗದು. ಅದು ಜಾರದಂತೆ ಬೆರಳುಗಳು ಪ್ರತಿ ಹೆಜ್ಜೆಗೂ ಅದನ್ನು ಹಿಡಿಯಬೇಕಾಗುತ್ತದೆ, ಹೆಜ್ಜೆಯೂ ಗಿಡ್ಡವಾಗುತ್ತದೆ. ಸಂಜೆ ಕಾಲು ತುಸು ಊದಿರುತ್ತದೆ, ಆಗಲೇ ಅಳತೆ ನೋಡಿ ಕೊಳ್ಳುವುದು ಒಳ್ಳೆಯದು. ಅಡಿ ಒಂದು ಪಕ್ಕಕ್ಕೆ ಸವೆದ ಚಪ್ಪಲಿಯನ್ನು ಉಳಿತಾಯದ ಹೆಸರಿನಲ್ಲಿ ಎಳೆದಾಡಬಾರದು.

ಮನೆಯ ಗಂಡಸರಲ್ಲಿ ಒಂದು ವಿನಂತಿ. ಇವತ್ತು ಮಲಗುವ ಮುನ್ನ ದೀಪದ ಬೆಳಕಿನಲ್ಲಿ ಎರಡೂ ಅಂಗಾಲು ನೋಡಿಕೊಳ್ಳಿ. ಬಗ್ಗಲಾಗದಿದ್ದರೆ ಕನ್ನಡಿ ಇಟ್ಟುಕೊಂಡು ನೋಡಿ, ಇಲ್ಲವೇ ಮಗನನ್ನೋ ಮಗಳನ್ನೋ ಕರೆಯಿರಿ. ಹೆಚ್ಚೆಂದರೆ ಎರಡು ನಿಮಿಷ ಹಿಡಿಯುತ್ತದೆ. ಸಕ್ಕರೆ ಕಾಯಿಲೆ ಇರುವವರು ಮುಂದಿನ ಸಲ ಆಸ್ಪತ್ರೆಗೆ ಹೋದಾಗ ರಕ್ತದ ಚೀಟಿಯನ್ನಷ್ಟೇ ತೋರಿಸಿ ಬರಬೇಡಿ. ಚಪ್ಪಲಿ ಬಿಚ್ಚಿ, ಕಾಲನ್ನೂ ಪರೀಕ್ಷಿಸಿ ಎಂದು ನೀವೇ ಕೇಳಿ.