ಕಂಪನಿ ಕಾಲದ ಭೂಪಟಗಳೂ ತುಮಕೂರು ಸೀಮೆಯೂ

ಹಳೆಯ ಭೂಪಟವೊಂದನ್ನು ಪರಿಶೀಲಿಸುವಾಗ ಅದರಲ್ಲಿ ಏನಿದೆ ಎಂಬುದರಷ್ಟೇ ಏನಿಲ್ಲ ಎಂಬುದೂ ವಿಚಾರಾರ್ಹವಾದುದು. ೧೬೦೦ರಲ್ಲಿ ಇಂಗ್ಲಿಷರ, ೧೬೦೨ರಲ್ಲಿ ಡಚ್ಚರ ಈಸ್ಟ್ ಇಂಡಿಯಾ ಕಂಪನಿಗಳು ಸ್ಥಾಪಿತವಾದ ಮೇಲೆ ಏಷ್ಯಾಖಂಡದ ನಕಾಶೆಗಳು ಯೂರೋಪಿನಲ್ಲಿ ಹೇರಳವಾಗಿ ಅಚ್ಚಾದವು. ಅವುಗಳಲ್ಲಿ ಮಂಗಳೂರು, ಭಟ್ಕಳ ಮೊದಲಾದ ರೇವುಗಳು ಕಾಣಸಿಗುತ್ತವೆ. ಘಟ್ಟದ ಮೇಲಣ ನಾಡಿನ ವಿವರ ಮಾತ್ರ ಅತ್ಯಲ್ಪ. ಮೆಣಸು ಕೊಳ್ಳಲು ಬಂದವರಿಗೆ ಕರಾವಳಿಯ ಪರಿಚಯವೇ ಸಾಕಾಗಿದ್ದಿತು.

ಒಳನಾಡಿನ ವಿವರ ಅವರಿಗೆ ಅಗತ್ಯವಾದುದು ಯುದ್ಧಕಾಲದಲ್ಲಿ. ೧೭೯೧ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಸಮೀಪದವರೆಗೆ ಸಾಗಿದ್ದ ಕಾರ್ನ್‌ವಾಲೀಸನ ಸೈನ್ಯವು ಧಾನ್ಯವಿಲ್ಲದೆ, ಎತ್ತುಗಳು ಸತ್ತು, ತನ್ನ ಭಾರಿ ಫಿರಂಗಿಗಳನ್ನು ತಾನೇ ಹಾಳುಗೆಡವಿ ಹಿಮ್ಮೆಟ್ಟಬೇಕಾಯಿತು. ಮುಂದಿನ ತಿಂಗಳು ಇಂದಿನ ಕುಣಿಗಲ್ ತಾಲ್ಲೂಕಿನ ಹುಲಿಯೂರುದುರ್ಗ ಅದರ ವಶವಾಯಿತು. ದಾರಿ, ನೀರು, ಮೇವುಗಳ ನೆಲೆಯನ್ನರಿಯದೆ ರಾಜ್ಯವನ್ನು ಗೆಲ್ಲುವುದೂ ಆಳುವುದೂ ಅಸಾಧ್ಯವೆಂಬ ಪಾಠ ಕಂಪನಿಗೆ ಮನದಟ್ಟಾಯಿತು.

ಟಿಪ್ಪು ಸುಲ್ತಾನನು ೧೭೯೯ರಲ್ಲಿ ಮಡಿದ ತರುವಾಯ ಮೈಸೂರು ಸೀಮೆಯ ಮೋಜಣಿಯನ್ನು ಕಾಲಿನ್ ಮೆಕೆಂಜಿಗೆ ವಹಿಸಲಾಯಿತು. ೧೮೦೦ರಲ್ಲಿ ವಿಲಿಯಂ ಲ್ಯಾಂಬ್ಟನ್ನನು ಬೆಂಗಳೂರಿನ ಬಳಿ ಆಧಾರರೇಖೆಯೊಂದನ್ನು ಅಳೆದನು. ತ್ರಿಕೋಣದ ಒಂದು ಭುಜವನ್ನು ಸರಪಣಿಯಿಂದಲೂ ಎರಡು ಕೋನಗಳನ್ನು ಯಂತ್ರದಿಂದಲೂ ಅಳೆದರೆ ಉಳಿದ ಭುಜಗಳು ಗಣಿತದಿಂದಲೇ ದೊರೆಯುತ್ತವೆ. ಹೀಗೆ ಬೆಟ್ಟದಿಂದ ಬೆಟ್ಟಕ್ಕೆ ತ್ರಿಕೋಣಗಳನ್ನು ಹೆಣೆದು, ಅವುಗಳ ನಡುವೆ ಊರು, ಕೆರೆ, ಹಾದಿಗಳನ್ನು ತುಂಬುವುದು ಅಂದಿನ ಕ್ರಮ. ಅದೇ ವರ್ಷ ಈ ಸೀಮೆಯನ್ನು ಸಂಚರಿಸಿದ ಫ್ರಾನ್ಸಿಸ್ ಬುಕಾನನ್ನನು ಗುಬ್ಬಿಯ ಸಂತೆಯನ್ನೂ ಅಡಿಕೆಯ ವ್ಯಾಪಾರವನ್ನೂ ವರ್ಣಿಸಿದ್ದಾನೆ. ಅವನ ಗ್ರಂಥ ೧೮೦೭ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಭೂಪಟದಲ್ಲಿ ಬರಿಯ ಚುಕ್ಕೆಯಾಗಿರುವ ಊರು ಅಲ್ಲಿ ಜೀವಂತವಾಗಿ ಕಾಣುತ್ತದೆ.

ಆದರೆ ಈ ಜ್ಞಾನವೆಲ್ಲವೂ ಯಂತ್ರದಿಂದ ಬಂದುದಲ್ಲ. ಊರ ಹೆಸರು, ಎಲ್ಲೆ, ಪೂರ್ವವೃತ್ತಾಂತಗಳನ್ನು ತಿಳಿಸಿದವರು ಸ್ಥಳದ ಜನರೇ. ಕಾವಲಿ ಬೋರಯ್ಯ, ಲಕ್ಷ್ಮಯ್ಯ ಸೋದರರು ಮೆಕೆಂಜಿಗಾಗಿ ಶಾಸನಗಳನ್ನೂ ಕೈಫಿಯತ್ತುಗಳನ್ನೂ ಸಂಗ್ರಹಿಸಿದರು. ಮೋಜಣಿಗೆ ಮೆಕೆಂಜಿಯ ಹೆಸರು ನಿಂತಿತು. ಉತ್ತರ ಹೇಳಿದ ರೈತನ ಹೆಸರು ನಿಲ್ಲಲಿಲ್ಲ.

ಹೇಳಿದವನ ನುಡಿ ಕೇಳಿದವನ ಕಿವಿಗೂ ಬರೆದವನ ಲಿಪಿಗೂ ತಕ್ಕಂತೆ ಮಾರ್ಪಟ್ಟುದನ್ನು ಸ್ಥಳನಾಮಗಳು ಇಂದಿಗೂ ತೋರುತ್ತವೆ. ಇಂಗ್ಲಿಷ್ ಬರಹದಲ್ಲಿ ‘ತುಮ್ಕೂರ್’ ಆಗಿದ್ದ ಊರು ಅಧಿಕೃತವಾಗಿ ‘ತುಮಕೂರು’ ಆದುದು ೨೦೧೪ರ ನವೆಂಬರ್ ೧ರಂದು. ಜನರ ನಾಲಗೆಯಲ್ಲಿ ಅದು ಎಂದೂ ತುಮಕೂರೇ. ಆದುದರಿಂದ ಹಳೆಯ ನಕಾಶೆಯನ್ನು ಓದುವವರು ಅಳೆದವನ ಗಣಿತದೊಡನೆ ಊರಿನವರ ನುಡಿಯನ್ನೂ ಕೈಫಿಯತ್ತನ್ನೂ ಇರಿಸಿ ನೋಡತಕ್ಕದ್ದು. ಆಗ ಮಾತ್ರ ನಾಡಿನ ನಿಜಸ್ವರೂಪ ಗೋಚರಿಸೀತು.