ಹದಿನೈದು ದಿನಗಳಲ್ಲಿ ಒಂದು ವರ್ಷದ ಚಿತ್ರ

ಪಾಂಡವಪುರ ತಾಲ್ಲೂಕಿನ ಚಿನಕುರಳಿಯ ಸುತ್ತಮುತ್ತ ನೆಟ್ಟ ಕಬ್ಬು ಕಡಿಯುವ ಹದಕ್ಕೆ ಬರಲು ಸುಮಾರು 12 ತಿಂಗಳು ಬೇಕು. ಅಂತಹ ಕಬ್ಬನ್ನು ಅರೆಯುವ ಕಾರ್ಖಾನೆಯೊಂದು ತನ್ನ ಕೆಲಸವನ್ನು ಜನರಿಗೆ ಪರಿಚಯಿಸುವ ಐದು ನಿಮಿಷದ ಚಲಚ್ಚಿತ್ರವನ್ನು 15 ದಿನಗಳಲ್ಲಿ ಕೇಳಿತೆಂದು ಭಾವಿಸೋಣ. ನಾಟಿಯಿಂದ ಸಕ್ಕರೆ ಚೀಲದವರೆಗೆ ಎಲ್ಲವೂ ಅದರಲ್ಲಿರಬೇಕು. ಹಣವೂ ಜನರೂ ದೊರೆತಾರು. ಕಾಲವನ್ನು ಎಲ್ಲಿಂದ ತರುವುದು?

ಇಂತಹ ಚಿತ್ರದ ಇತಿಹಾಸ ಚಲಚ್ಚಿತ್ರದಷ್ಟೇ ಹಳೆಯದು. ಫ್ರಾನ್ಸಿನ ಲಿಯಾನ್ ನಗರದಲ್ಲಿ ಛಾಯಾಚಿತ್ರದ ಫಲಕಗಳನ್ನು ತಯಾರಿಸುತ್ತಿದ್ದ ಲೂಮಿಯೇರ್ ಸೋದರರು 1895ರ ಮಾರ್ಚ್ 22ರಂದು ಪ್ಯಾರಿಸಿನಲ್ಲಿ ಕೈಗಾರಿಕಾ ಪ್ರೋತ್ಸಾಹಕ ಸಂಘದ ಮುಂದೆ ತೋರಿಸಿದ್ದು, ತಮ್ಮ ಕಾರ್ಖಾನೆಯಿಂದಲೇ ಕೆಲಸಗಾರರು ಹೊರಬರುವ ದೃಶ್ಯವನ್ನು. ಸುಮಾರು 17 ಮೀಟರು ಉದ್ದದ ಸುರುಳಿ ಒಂದು ನಿಮಿಷದೊಳಗೆ ಮುಗಿಯುತ್ತಿತ್ತು. ಅದೇ ದೃಶ್ಯದ ಮೂರು ಆವೃತ್ತಿಗಳು ಉಳಿದಿವೆ: ಒಂದರಲ್ಲಿ ಗಾಡಿಗೆ ಒಂದು ಕುದುರೆ, ಇನ್ನೊಂದರಲ್ಲಿ ಎರಡು, ಮತ್ತೊಂದರಲ್ಲಿ ಕುದುರೆಯೇ ಇಲ್ಲ. ಕಾರ್ಖಾನೆಯ ದಿನಚರಿ ಆಗಲೇ ಕ್ಯಾಮರಾಕ್ಕಾಗಿ ಮತ್ತೆ ಮತ್ತೆ ನಡೆಯಬೇಕಾಗಿತ್ತು!

ನಮ್ಮ ಚಿತ್ರಕ್ಕೆ ಬರೋಣ. ತೆರೆಯ ಮೇಲೆ ಸೆಕೆಂಡಿಗೆ 24 ನಿಶ್ಚಲ ಚಿತ್ರಗಳು ಒಂದರ ಹಿಂದೊಂದು ಬರುತ್ತವೆ. ಕಣ್ಣೂ ಮಿದುಳೂ ಕೂಡಿ ಅದನ್ನು ಚಲನೆಯೆಂದು ಗ್ರಹಿಸುತ್ತವೆ. ಐದು ನಿಮಿಷಕ್ಕೆ 7,200 ಚಿತ್ರಗಳು. ಕಾರ್ಖಾನೆಯೊಳಗೆ ಅವನ್ನು ತೆಗೆಯುವಾಗ ವಿದ್ಯುತ್ತು ತೊಡಕು ತರುತ್ತದೆ. ನಮ್ಮ ದೇಶದಲ್ಲಿ ಪರ್ಯಾಯ ವಿದ್ಯುತ್ತಿನ ಆವರ್ತನ ಸೆಕೆಂಡಿಗೆ 50. ಪ್ರತಿ ಆವರ್ತದಲ್ಲಿ ಪ್ರವಾಹ ಎರಡು ಬಾರಿ ಏರಿಳಿಯುವುದರಿಂದ ಅನೇಕ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ನಮ್ಮ ಕಣ್ಣಿಗೆ ಇದು ತಿಳಿಯದು, ಕ್ಯಾಮರಾಕ್ಕೆ ತಿಳಿಯುತ್ತದೆ. ಯಂತ್ರಗಳು ಸ್ಪಷ್ಟವಾಗಿ ಕಾಣಲೆಂದು ಒಂದೊಂದು ಚಿತ್ರಕ್ಕೆ 1/500 ಸೆಕೆಂಡು ಮಾತ್ರ ಬೆಳಕು ಬಿಟ್ಟರೆ, ಕೆಲವು ಚಿತ್ರಗಳು ಬೆಳಗಿ ಕೆಲವು ಮಂಕಾಗಿ, ತೆರೆಯು ಸೆಕೆಂಡಿಗೆ ನಾಲ್ಕು ಬಾರಿ ತುಯ್ದಾಡುತ್ತದೆ. 1/50 ಸೆಕೆಂಡು ಬಿಟ್ಟರೆ ಪ್ರತಿ ಚಿತ್ರಕ್ಕೂ ಸರಿಯಾಗಿ ಎರಡು ಮಿನುಗುಗಳ ಬೆಳಕು ದೊರೆತು ತೊಂದರೆ ಮಾಯವಾಗುತ್ತದೆ.

ಇನ್ನೊಂದು ವಿನೋದವಿದೆ. ಕಾರ್ಖಾನೆಗಳ ಅನೇಕ ಮೋಟಾರುಗಳ ಫಲಕದ ಮೇಲೆ ನಿಮಿಷಕ್ಕೆ 1,440 ಸುತ್ತು ಎಂದು ಬರೆದಿರುತ್ತದೆ; ಎಂದರೆ ಸೆಕೆಂಡಿಗೆ ಸರಿಯಾಗಿ 24. ಅತ್ಯಲ್ಪ ಕಾಲ ಬೆಳಕು ಬಿಟ್ಟು ಚಿತ್ರಿಸಿದರೆ ಅದರ ದಂಡದ ಮೇಲಣ ಗುರುತು ಪ್ರತಿ ಚಿತ್ರದಲ್ಲಿಯೂ ಅದೇ ಸ್ಥಾನದಲ್ಲಿರುವುದರಿಂದ, ಭರದಿಂದ ತಿರುಗುವ ಮೋಟಾರು ನಿಂತಂತೆ ತೋರುತ್ತದೆ. ಹೊರೆ ಹೆಚ್ಚಿ ವೇಗ ತುಸು ಕುಗ್ಗಿತೋ, ಹಿಂದಕ್ಕೆ ತಿರುಗತೊಡಗುತ್ತದೆ! ಕಾರ್ಖಾನೆಯ ಹೆಮ್ಮೆಗೆ ಇದಕ್ಕಿಂತ ಕೆಟ್ಟ ಜಾಹೀರಾತಿಲ್ಲ. 1/50 ಸೆಕೆಂಡು ಬಿಟ್ಟಾಗ ಗುರುತು ಹೆಚ್ಚು ಕಡಮೆ ಅರ್ಧ ಸುತ್ತಿನಷ್ಟು ಕಲಸಿಹೋಗುತ್ತದೆ. ನಮ್ಮ ಮಟ್ಟಿಗೆ ಆ ಕಲಸಿದ ಚಿತ್ರವೇ ಹೆಚ್ಚು ನಿಜವಾದುದು.

ಕಡಿದ ಕಬ್ಬಂತೂ ಕ್ಯಾಮರಾಕ್ಕಾಗಿ ಕಾಯುವುದಿಲ್ಲ. ಕಡಿದೊಡನೆ ಅದರ ಸುಕ್ರೋಸು ಗ್ಲೂಕೋಸು ಮತ್ತು ಫ್ರಕ್ಟೋಸುಗಳಾಗಿ ಒಡೆಯತೊಡಗುತ್ತದೆ. ಆದುದರಿಂದ ಒಂದು ದಿನದೊಳಗೆ ಅರೆಯುವುದು ಲೇಸು. ಗಾಡಿಯನ್ನು ನಿಲ್ಲಿಸಿ ಮೂರು ಸಲ ದೃಶ್ಯ ತೆಗೆಯಹೊರಟರೆ ರೈತನಿಗೆ ನಷ್ಟ.

ಉಳಿದದ್ದು ಬೆಳೆಯ ಆ ಒಂದು ವರ್ಷ. ಅದನ್ನು ತೆರೆಯ ಮೇಲೆ 10 ಸೆಕೆಂಡುಗಳಲ್ಲಿ ತೋರಿಸಲು 240 ಚಿತ್ರಗಳು ಸಾಕು. ಒಂದೇ ಗದ್ದೆಯ ಮುಂದೆ ಕ್ಯಾಮರಾ ನೆಟ್ಟು, ಸುಮಾರು 36 ಗಂಟೆಗಳಿಗೊಂದು ಚಿತ್ರ ತೆಗೆಯಬೇಕು. ಹದಿನೈದು ದಿನಗಳಲ್ಲಿ ದೊರೆಯುವುದು ಹತ್ತು ಚಿತ್ರ, ಎಂದರೆ ಅರ್ಧ ಸೆಕೆಂಡೂ ಇಲ್ಲ. ಆದರೆ ಎಲ್ಲ ರೈತರೂ ಒಂದೇ ದಿನ ನಾಟಿ ಮಾಡುವುದಿಲ್ಲ. ಒಬ್ಬರ ಗದ್ದೆಯಲ್ಲಿ ಮೊಳಕೆ, ಪಕ್ಕದಲ್ಲಿ ಎದೆಯೆತ್ತರದ ಪೈರು, ಆಚೆ ಸೂಲಂಗಿ ಬಂದ ಕಬ್ಬು, ಅದರಾಚೆ ಕಡಿದ ಮೇಲೆ ಚಿಗುರಿದ ಕೂಳೆ. ಕಾಲದಲ್ಲಿ ದೊರೆಯದುದು ಸ್ಥಳದಲ್ಲಿ ಹರಡಿಕೊಂಡಿದೆ. ಖಗೋಳಜ್ಞರೂ ಹೀಗೆಯೇ ಬೇರೆ ಬೇರೆ ವಯಸ್ಸಿನ ತಾರೆಗಳನ್ನು ಹೋಲಿಸಿ ತಾರೆಯ ಬಾಳನ್ನು ಅರಿತರು. ಹತ್ತೆಂಟು ಗದ್ದೆಗಳನ್ನು ಒಂದೇ ಎತ್ತರದಿಂದ, ಒಂದೇ ದಿಕ್ಕಿನಿಂದ, ಬೆಳಗಿನ ಒಂದೇ ಹೊತ್ತಿನಲ್ಲಿ ಚಿತ್ರಿಸಿದರೆ ಎರಡು ಮೂರು ದಿನಗಳಲ್ಲಿ ವರ್ಷ ಸಿದ್ಧ.

ಒಂದೇ ಗದ್ದೆಯೆಂದು ನೋಡುವವರನ್ನು ನಂಬಿಸುವುದು ಸುಲಭ. ಜಾಹೀರಾತಿನವರು ಅದನ್ನೇ ಬಯಸಿಯಾರು. ಆದರೆ ಪ್ರತಿ ಗದ್ದೆಯ ಬದುವಿನ ಮೇಲೆ ನಾಟಿಯ ದಿನಾಂಕ ಬರೆದ ಹಲಗೆಯೊಂದನ್ನು ನೆಟ್ಟು, ಅದೂ ಚಿತ್ರದಲ್ಲಿ ಬರುವಂತೆ ಮಾಡಲು ಹೆಚ್ಚೆಂದರೆ ಐದು ನಿಮಿಷ ಹಿಡಿಯುತ್ತದೆ.