ಕೂರಿಗೆ ಮಾಡುವ ಅಂಗಡಿಯಲ್ಲಿ ಭಾರ ಎತ್ತುವ ಚೌಕಟ್ಟು

ರೈತರ ಪತ್ರಿಕೆಯಲ್ಲಿ ವ್ಯಾಯಾಮದ ಸಾಮಾನಿನ ಸುದ್ದಿ ಯಾಕೆ ಎಂದು ಕೇಳಬೇಡಿ. ಇದು ತಯಾರಾದದ್ದು ನಮ್ಮ ಕುಂಟೆ, ಕೂರಿಗೆ ಮಾಡಿಕೊಡುವ ರಾಣೆಬೆನ್ನೂರಿನ ವೆಲ್ಡಿಂಗ್ ಅಂಗಡಿಯಲ್ಲಿ. ನಿಂತಿರುವುದು ನಮ್ಮ ದನದ ಕೊಟ್ಟಿಗೆಯ ಪಕ್ಕದಲ್ಲಿ. ಮಾಡಿಸುವಾಗ ನಾನು ಮಾಡಿದ ತಪ್ಪು ಇನ್ನೊಬ್ಬರು ಮಾಡಬಾರದೆಂದು ಬರೆಯುತ್ತಿದ್ದೇನೆ.

ಮಗಳು ಡಿಗ್ರಿ ಓದುತ್ತಾಳೆ. ಕಾಲೇಜಿನಲ್ಲಿ ಭಾರ ಎತ್ತುವುದು ಕಲಿತಳು. ಅಲ್ಲಿ ಅಭ್ಯಾಸ ಸಂಜೆ. ಅದನ್ನು ಮುಗಿಸಿ ಬರುವಷ್ಟರಲ್ಲಿ ಮೆಡ್ಲೇರಿ ಕಡೆಯ ನಮ್ಮ ಬಸ್ಸು ಹೋಗಿರುತ್ತದೆ. ಹಾಗಾಗಿ ಮನೆಯಲ್ಲೇ ಶುರು ಮಾಡಿದಳು. ಹಳೇ ಬೋರಿನ ಜಿ.ಐ. ಪೈಪು, ಅದರ ಎರಡೂ ತುದಿಗೆ ಪೇಂಟ್ ಡಬ್ಬಿಯಲ್ಲಿ ಸಿಮೆಂಟು ತುಂಬಿ ಮಾಡಿದ ಗುಂಡು. ಇಟ್ಟುಕೊಳ್ಳಲು ಎರಡು ಹುಣಸೆ ಕವೆ ಹುಗಿದು ಕೊಟ್ಟವನು ನಾನೇ. ಜಾಣತನ ಮಾಡಿದೆ ಅಂದುಕೊಂಡಿದ್ದೆ.

ಒಂದು ಬೆಳಿಗ್ಗೆ ಹಲಗೆಯ ಮೇಲೆ ಮಲಗಿ ಎತ್ತುತ್ತಿದ್ದಾಗ ಕೈ ಸೋತು ಪೈಪು ಎದೆಯ ಮೇಲೆ ಕೂತುಬಿಟ್ಟಿತು. ಕೂಗಲು ಉಸಿರಿಲ್ಲ. ಕಾಲಿನಿಂದ ಹಲಗೆ ಬಡಿದಳಂತೆ. ಎಮ್ಮೆ ಹಿಂಡುತ್ತಿದ್ದ ನಮ್ಮ ಮನೆಯವಳು ಏನೋ ಸಪ್ಪಳವಾಯಿತೆಂದು ಓಡಿ ಹೋಗಿ ಒಂದು ತುದಿ ಎತ್ತಿ ಕೆಳಗೆ ಬೀಳಿಸಿದಳು. ಎದೆಯ ಮೇಲಿನ ಕಂದು ಹದಿನೈದು ದಿನ ಇತ್ತು. ನಾಲ್ಕು ಬೆರಳು ಮೇಲೆ, ಕುತ್ತಿಗೆಗೆ ಬಿದ್ದಿದ್ದರೆ?

‘ಸಾಕು, ಬಿಡಸ್ರಿ’ ಅಂದಳು ಅವಳ ತಾಯಿ. ಬಿಡಿಸುವುದು ನನಗೆ ಸರಿ ಕಾಣಲಿಲ್ಲ. ನಮ್ಮ ಕಡೆ ಹೆಣ್ಣುಮಕ್ಕಳು ತಲೆಯ ಮೇಲೆ ಹತ್ತಿಯ ಗಂಟು, ಸೊಂಟದ ಮೇಲೆ ಕೊಡ ಹೊತ್ತಾಗ ಯಾರೂ ಬಿಡಿಸುವ ಮಾತಾಡುವುದಿಲ್ಲ. ನಮ್ಮದೇ ರಾಜ್ಯದ ಕುಂದಾಪುರ ಕಡೆಯ ಗುರುರಾಜ ಪೂಜಾರಿ 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 56 ಕಿಲೋ ವಿಭಾಗದಲ್ಲಿ ಒಟ್ಟು 249 ಕಿಲೋ ಎತ್ತಿ ಬೆಳ್ಳಿ, 2022ರಲ್ಲಿ 61 ಕಿಲೋ ವಿಭಾಗದಲ್ಲಿ 269 ಕಿಲೋ ಎತ್ತಿ ಕಂಚು ತಂದವರು. ಆಂಧ್ರದ ಕರ್ಣಂ ಮಲ್ಲೇಶ್ವರಿ 2000ದ ಸಿಡ್ನಿ ಒಲಿಂಪಿಕ್ಸಿನಲ್ಲಿ ಗೆದ್ದ ಕಂಚು ಭಾರತದ ಮಹಿಳೆಗೆ ಸಿಕ್ಕ ಮೊದಲ ಒಲಿಂಪಿಕ್ ಪದಕ. ಮಗಳು ಅಷ್ಟು ದೂರ ಹೋಗುತ್ತಾಳೆ ಅಂತಲ್ಲ. ಆದರೆ ತಪ್ಪು ಅವಳದಾಗಿರಲಿಲ್ಲ, ನನ್ನ ಕವೆಯದಾಗಿತ್ತು.

ನಾವು ಚಿಕ್ಕವರಿದ್ದಾಗ ಗರಡಿ ಮನೆಯಲ್ಲಿ ಗುಂಡುಕಲ್ಲು ಎತ್ತುತ್ತಿದ್ದೆವು. ಆಗದಿದ್ದರೆ ಕೈಬಿಟ್ಟು ಹಿಂದೆ ಸರಿದರಾಯಿತು, ಕಲ್ಲು ಮಣ್ಣಿಗೆ ಬೀಳುತ್ತಿತ್ತು. ಸ್ಪರ್ಧೆಯಲ್ಲಿ ನೆಲದಿಂದ ತಲೆಯ ಮೇಲೆ ಎತ್ತುವ ಬಾರನ್ನೂ ಹಾಗೆ ಬಿಡಬಹುದು. ಆದರೆ ಹೆಗಲ ಮೇಲೆ ಹೊತ್ತು ಬಸ್ಕಿ ಹೊಡೆಯುವಾಗ, ಮಲಗಿ ಎದೆಯಿಂದ ಎತ್ತುವಾಗ ಭಾರಕ್ಕೂ ನೆಲಕ್ಕೂ ನಡುವೆ ಇರುವುದು ನಮ್ಮ ಮೈ. ಆಗ ಭಾರವನ್ನು ಹಿಡಿಯಲು ಇನ್ನೊಬ್ಬರು ಇರಬೇಕು, ಇಲ್ಲವೆ ಕಬ್ಬಿಣ ಇರಬೇಕು. ಅದಕ್ಕೇ ಈ ಚೌಕಟ್ಟು. ರ‍್ಯಾಕ್ ಎನ್ನುತ್ತಾರೆ.

2024ರ ಬೇಸಿಗೆಯಲ್ಲಿ ಬ್ಯಾಡಗಿ ಪೇಟೆಗೆ ಒಯ್ದ ಮೆಣಸಿನಕಾಯಿ ದುಡ್ಡು ಕೈಯಲ್ಲಿತ್ತು. ಮಿಸ್ತ್ರಿಯ ಹತ್ತಿರ ಹೋದೆ. ‘ಇದೇನ್ ಗೌಡ್ರ, ಎತ್ತಿಗೆ ಲಾಳ ಕಟ್ಟೂ ಚೌಕಟ್ಟೇನ್ರಿ?’ ಅಂದ. ಕೇಳಿದ ಮೇಲೆ ನನಗೂ ಹಾಗೇ ಕಂಡಿತು. ನಾಲ್ಕು ಕಂಬ, ಎತ್ತರ 7 ಅಡಿ, ಮುಂದಿನ ಕಂಬದಿಂದ ಹಿಂದಿನ ಕಂಬಕ್ಕೆ 3 ಅಡಿ. ಎರಡಿಂಚಿನ ಚೌಕ ಪೈಪು, 3 ಮಿ.ಮೀ. ದಪ್ಪ. 20 ಅಡಿಯ ಮೂರು ಪೈಪು ಸಾಕಾಯಿತು. ತೂಕ 78 ಕಿಲೋ. 2 ಮಿ.ಮೀ. ಪೈಪು ಅಗ್ಗ ಎಂದು ತರಬೇಡಿ.

ತಪ್ಪಾದದ್ದು ಅಗಲದಲ್ಲಿ. ಮನೆಯಲ್ಲಿದ್ದ ಜಿ.ಐ. ಪೈಪು ನೋಡಿ ನಾಲ್ಕೂವರೆ ಅಡಿ ಎಂದು ಬರೆದುಕೊಟ್ಟೆ. ಮಿಸ್ತ್ರಿ ಹಾಗೇ ಕೂಡಿಸಿದ. ಆಮೇಲೆ ಮಗಳು ಕಾಲೇಜಿನಿಂದ ನಿಜವಾದ ಬಾರಿನ ಅಳತೆ ತಂದಳು. ಗಂಡಸರ ಬಾರು 2.20 ಮೀಟರು ಉದ್ದ, 20 ಕಿಲೋ, ಹೆಂಗಸರದು 2.01 ಮೀಟರು, 15 ಕಿಲೋ. ಎರಡರಲ್ಲೂ ಗುಂಡು ಕೂಡುವ ದಪ್ಪ ತುದಿಗಳ ನಡುವಿನ ಜಾಗ ಒಂದೇ, 131 ಸೆಂ.ಮೀ. ಅಂದರೆ ನಾಲ್ಕು ಅಡಿ ಮೂರೂವರೆ ಇಂಚು. ಚೌಕಟ್ಟಿನ ಹೊರಮೈ ಅದಕ್ಕಿಂತ ಕಡಿಮೆ ಇರಬೇಕು. ನನ್ನದರಲ್ಲಿ ಬಾರು ಸರಿಯಾಗಿ ಕೂಡುವಂತೆಯೇ ಇರಲಿಲ್ಲ! ಪುಣ್ಯಕ್ಕೆ ಇನ್ನೂ ಟಾಕಾ ಮಾತ್ರ ಹಾಕಿದ್ದ. ಅಡ್ಡ ಪೈಪುಗಳಲ್ಲಿ ಆರಾರು ಇಂಚು ಕೊಯ್ದು, ಹೊರಮೈಯಿಂದ ಹೊರಮೈಗೆ ನಾಲ್ಕು ಅಡಿ ಮಾಡಿದೆವು. ಎರಡೂ ಬದಿಗೆ ನಾಲ್ಕೂವರೆ ಸೆಂ.ಮೀ. ಆಟ ಉಳಿಯಿತು. ಮೊದಲು ಬಾರು ತನ್ನಿ, ಆಮೇಲೆ ಪೈಪು ಕೊಯ್ಯಿರಿ.

ಎರಡನೆಯ ಮಾತು ತೂತಿನದು. ಮಿಸ್ತ್ರಿ ವೆಲ್ಡಿಂಗ್ ಕಡ್ಡಿಯಿಂದಲೇ ಸುಟ್ಟು ತೂತು ಮಾಡಿಬಿಡುತ್ತೇನೆ ಅಂದ. ಬ್ಯಾಡಪ್ಪಾ ಎಂದೆ. ನಾಲ್ಕೂ ಕಂಬಗಳನ್ನು ಜೋಡಿಸಿ ಬಿಗಿದು, ಬುಡದಿಂದ ಒಂದೇ ಸಲ ಗುರುತು ಹಾಕಿ, ಸ್ಟ್ಯಾಂಡಿನ ಡ್ರಿಲ್ಲಿನಲ್ಲಿ 17 ಮಿ.ಮೀ. ತೂತು ಹೊಡೆಸಿದೆ. ಎಡಕ್ಕೂ ಬಲಕ್ಕೂ ಕಾಲಿಂಚು ಹೆಚ್ಚುಕಡಿಮೆಯಾದರೂ ಬಾರು ಓರೆ ಕೂಡುತ್ತದೆ. ಎರಡಿಂಚಿಗೊಂದು ತೂತು, ಮಲಗಿ ಎತ್ತುವ ಮಟ್ಟದಲ್ಲಿ ಮಾತ್ರ ಒಂದಿಂಚಿಗೊಂದು. ಅಲ್ಲಿ ಒಂದಿಂಚೂ ದೊಡ್ಡದು. ಎದೆ ಉಬ್ಬಿಸಿದಾಗ ಬಾರು ಎದೆಗೆ ತಾಗಬೇಕು, ಕೈ ಸೋತು ಎದೆ ಇಳಿಸಿದರೆ ಭಾರ ಎರಡೂ ಬದಿಯ ತಡೆಕಂಬಿಯ ಮೇಲೆ ಕೂಡಬೇಕು. ಈ ಅಳತೆಯನ್ನು ಎತ್ತುವವರನ್ನೇ ಹಲಗೆಯ ಮೇಲೆ ಮಲಗಿಸಿ ತೆಗೆದುಕೊಳ್ಳಬೇಕು.

ಇಡೀ ಚೌಕಟ್ಟಿನ ಜೀವ ಆ ತಡೆಕಂಬಿಯಲ್ಲಿದೆ. ನಮ್ಮದರಲ್ಲಿ ಅದೂ ಎರಡಿಂಚಿನ ಪೈಪೇ. ತುದಿಗೆ 6 ಮಿ.ಮೀ. ಪಟ್ಟಿಯ ಹಿಡಿಕೆ ಕಂಬವನ್ನು ಅಪ್ಪಿಕೊಳ್ಳುತ್ತದೆ, ಅದರ ಮೂಲಕ ಪಿನ್ನು. ಮಿಸ್ತ್ರಿ ಕೈಗೆ ಸಿಕ್ಕ 10 ಮಿ.ಮೀ. ಸಳಿಯನ್ನೇ ಪಿನ್ನು ಮಾಡಿದ್ದ. ಪರೀಕ್ಷೆ ಮಾಡೋಣ ಎಂದೆ. ಹಳೇ ಪೈಪಿಗೆ 50 ಕಿಲೋದ ಗೋವಿನಜೋಳದ ಚೀಲ ಎರಡೂ ಕಡೆ ಎರಡೆರಡು ಕಟ್ಟಿ ಮೆಲ್ಲಗೆ ಇಟ್ಟೆವು. ಏನೂ ಆಗಲಿಲ್ಲ. ಆರು ಇಂಚು ಎತ್ತಿ ಬಿಟ್ಟೆವು. ಒಂದು ಪಿನ್ನು ಬಾಗಿ ತೂತಿನಿಂದ ಹೊರಗೆ ಬರಲೇ ಇಲ್ಲ, ಸುತ್ತಿಗೆಯಿಂದ ಹೊಡೆದು ತೆಗೆಯಬೇಕಾಯಿತು. ಇಟ್ಟ ಭಾರ ಬೇರೆ, ಬಿದ್ದ ಭಾರ ಬೇರೆ. ಚಕ್ಕಡಿಗೆ ಚೀಲ ಒಗೆಯುವವರಿಗೆ ಇದು ಗೊತ್ತೇ ಇದೆ. ಮಿಸ್ತ್ರಿಯೂ ಒಪ್ಪಿಕೊಂಡು 16 ಮಿ.ಮೀ. ಬ್ರೈಟ್ ಬಾರಿನಲ್ಲಿ ಹೊಸ ಪಿನ್ನು ಮಾಡಿದ. ಕಲ್ಟಿವೇಟರಿನ ಪಿನ್ನಿಗೆ ಹಾಕುವಂತೆ ತುದಿಗೆ ಕ್ಲಿಪ್ಪು ಕೂಡ. ಮತ್ತೆ ಮೂರು ಸಲ ಬೀಳಿಸಿದೆವು, ಬಾಗಲಿಲ್ಲ. ಮಗಳು ಹೆಗಲ ಮೇಲೆ ಹೊರುವುದು ಸದ್ಯ 80 ಕಿಲೋ.

ನೆಲಕ್ಕೆ ಮೂರು ಚೀಲ ಸಿಮೆಂಟಿನಲ್ಲಿ ನಾಲ್ಕಿಂಚು ಕಾಂಕ್ರೀಟ್ ಹಾಕಿ, ಬುಡವನ್ನು ನಾಲ್ಕು ಬೋಲ್ಟಿನಿಂದ ಬಿಗಿದಿದ್ದೇವೆ. ಮೇಲೆ ಆಕಳಿಗೆಂದು ತಂದಿದ್ದ ರಬ್ಬರ್ ಮ್ಯಾಟು. ಬಾರು ಕೂಡುವ ಕೊಕ್ಕೆಗೆ ಹಳೇ ಗಿರಣಿ ಬೆಲ್ಟಿನ ತುಂಡು.

ಖರ್ಚು: ಪೈಪಿಗೆ 5,800, ಪಟ್ಟಿ–ಪಿನ್ನು–ಬೋಲ್ಟಿಗೆ 1,100, ಕೂಲಿ 4,000, ಬಣ್ಣಕ್ಕೆ 450. ಒಟ್ಟು 11,350 ರೂಪಾಯಿ, ಸಿಮೆಂಟು ಬಿಟ್ಟು. ಬಾರು ಮತ್ತು ಗುಂಡುಗಳನ್ನು ಮಾತ್ರ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಲಿಲ್ಲ. ಮುಚ್ಚುತ್ತಿದ್ದ ಒಂದು ಜಿಮ್ಮಿನಿಂದ ಹಳೆಯವನ್ನು 14,000ಕ್ಕೆ ತಂದೆ. ಬೋರಿನ ಪೈಪು ಬಾಗುತ್ತದೆ, ಅದರ ಸಹವಾಸ ಬೇಡ.

ಈಗ ಓಣಿಯ ಇಬ್ಬರು ಹುಡುಗರೂ ಬರುತ್ತಾರೆ. ಹುಡುಗರಿಗೆ ಅವಸರ ಜಾಸ್ತಿ, ತಡೆಕಂಬಿ ಇಳಿಸಿಕೊಳ್ಳದೆ ಮಲಗಿಬಿಡುತ್ತಾರೆ. ಅದಕ್ಕೆ ಪಿನ್ನುಗಳನ್ನು ಮಗಳೇ ಇಟ್ಟುಕೊಂಡಿದ್ದಾಳೆ. ಅವಳು ಹಾಕಿಕೊಟ್ಟ ಮೇಲೆಯೇ ಅವರು ಎತ್ತಬೇಕು. ಅಳತೆಯ ಚೀಟಿ ಮಿಸ್ತ್ರಿಯ ಗೋಡೆಯ ಮೇಲಿದೆ, ನಾಲ್ಕೂವರೆ ಅಡಿ ಹೊಡೆದು ಹಾಕಿ ನಾಲ್ಕು ಎಂದು ತಿದ್ದಿದ್ದು.